ಉಪ್ಪು ತಿಂದ ಕಾರು

ಹೊಟ್ಟೆಪಾಡಿಗೆ ನಾನು ಬರೆಯುವುದು ಕಾರಿನ ಬ್ರೇಕನ್ನು ನಿಯಂತ್ರಿಸುವ ಸಾಫ್ಟ್‌ವೇರ್. ಡೆಟ್ರಾಯಿಟ್ ಪಕ್ಕದ ಊರೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ಹಾಗಿದ್ದೂ 2018ರ ನವೆಂಬರಿನ ತನಕ ಚಕ್ರದ ಜೊತೆ ತಿರುಗುವ ಒಂದು ಬ್ರೇಕ್ ಡ್ರಮ್ಮು ಬಿಚ್ಚಿ ಒಳಗೇನಿದೆ ಎಂದು ಕಣ್ಣಾರೆ ಕಂಡವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಪೆದ್ದುತನಗಳಿಗೆಲ್ಲ ಇದೇ ಪೀಠಿಕೆ.

ಆ ನವೆಂಬರಿನಲ್ಲಿ ಫ್ಲಿಂಟ್‌ನಿಂದ ಉತ್ತರಕ್ಕಿರುವ ಹಳ್ಳಿಯೊಂದರ ತಗಡಿನ ಕೊಟ್ಟಿಗೆಯಲ್ಲಿ ನಾನು ನೋಡಿದ್ದು 1969ರ ಡಾಡ್ಜ್ ಡಾರ್ಟ್ ಸ್ವಿಂಗರ್. ಎರಡೇ ಬಾಗಿಲು, ಮಾಸಿದ ಹಸಿರು, ನಾಲ್ಕೂ ಟೈರಿನಲ್ಲಿ ಗಾಳಿ ಇಲ್ಲ, ಹಿಂದಿನ ಸೀಟಿನ ಹತ್ತಿಯಲ್ಲಿ ಇಲಿಯ ಸಂಸಾರ. ಹನ್ನೊಂದು ವರ್ಷದಿಂದ ಕದಲಿಲ್ಲ ಎಂದು ಮಾರುವವನೇ ಹೇಳಿದ. ನಾನು ಅದನ್ನೆಲ್ಲ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಮುಂದಿನ ಗಾಜಿನ ಎಡಮೂಲೆಯಲ್ಲಿ ಬಗ್ಗಿ ಮೊಬೈಲಿನ ಬೆಳಕು ಬಿಟ್ಟು ಚಾಸಿ ನಂಬರು ಓದುತ್ತಿದ್ದೆ. ಎಲ್ ಎಂ 23 ಪಿ 9 ಬಿ. ಎಲ್ ಎಂದರೆ ಡಾರ್ಟ್, 23 ಎಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, 9 ಎಂದರೆ 1969ರ ಮಾದರಿ, ಬಿ ಎಂದರೆ ಹ್ಯಾಮ್‌ಟ್ರಾಮಿಕ್‌ನ ಕಾರ್ಖಾನೆ. ನಡುವೆ ಕುಳಿತ ಪಿ ಎಂಬ ಒಂದಕ್ಷರಕ್ಕಾಗಿ ನಾನು ಅಷ್ಟು ದೂರ ಬಂದದ್ದು. ಪಿ ಎಂದರೆ 340 ಎಂಜಿನ್.

340 ಎಂಬುದು ಘನ ಅಂಗುಲದ ಲೆಕ್ಕ. ನಮ್ಮ ಲೆಕ್ಕದಲ್ಲಿ ಸುಮಾರು ಐದೂವರೆ ಲೀಟರ್, ಅಂದರೆ ಏಳು ಮಾರುತಿ 800 ಎಂಜಿನ್‌ಗಳನ್ನು ಒಂದೇ ಬಾನೆಟ್ಟಿನ ಕೆಳಗೆ ತುರುಕಿದ ಹಾಗೆ. ಮಸಲ್ ಕಾರು ಎಂದರೆ ಮೂಲದಲ್ಲಿ ಇಷ್ಟೇ: ಸಂಸಾರಸ್ಥರ ಸಾಧಾರಣ ಕಾರಿಗೆ ಅಳತೆ ಮೀರಿದ ಎಂಜಿನ್. ಅರವತ್ತರ ದಶಕದ ನಡುವಿನಿಂದ ಎಪ್ಪತ್ತರ ಆರಂಭದ ತನಕ ಡೆಟ್ರಾಯಿಟಿನ ಕಾರು ಕಂಪನಿಯವರು ಅದನ್ನು ಪೈಪೋಟಿಗೆ ಬಿದ್ದು ಮಾಡಿದರು. ಆಮೇಲೆ ವಿಮೆ ದುಬಾರಿಯಾಯಿತು, ಹೊಗೆಯ ಕಾನೂನು ಬಂತು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು, ಆಟ ಮುಗಿಯಿತು. ಡಾರ್ಟ್ ಅವುಗಳ ಪೈಕಿ ಬಡವರ ಮನೆಯ ಮಗ. ದೊಡ್ಡ ಹೆಸರಿನ ಕಾರುಗಳ ಬೆಲೆ ನನ್ನಂಥವರಿಗೆ ನಿಲುಕುವುದಿಲ್ಲ; ಇದು ನಿಲುಕಿತು. 6,800 ಡಾಲರ್.

ಮನೆಯಲ್ಲಿ ಈ ಅಂಕಿಯನ್ನು ಹೇಳಿದಾಗ ಹೆಂಡತಿ ಮಾಡುತ್ತಿದ್ದ ಕೆಲಸ ನಿಲ್ಲಿಸಲಿಲ್ಲ. ತೆಂಗಿನಕಾಯಿ ತುರಿಯುತ್ತಲೇ, "ತಿಪಟೂರಿನಲ್ಲಿ ಒಂದು ಸೈಟಿಗೆ ಮುಂಗಡ ಕೊಡಬಹುದಿತ್ತು" ಎಂದಳು. ಅಷ್ಟೇ. ಮುಂದಿನ ಮೂರು ವರ್ಷ ಆ ಸೈಟು ನಮ್ಮ ಮನೆಯಲ್ಲಿ ಆಗಾಗ ಸುಳಿದಾಡುತ್ತಿತ್ತು.

ಮೊದಲ ಕೆಲಸ ಚಕ್ರ ಬಿಚ್ಚುವುದು. ಇದರಲ್ಲೇನಿದೆ ಎಂದುಕೊಂಡೆ. ಬಲಗಡೆಯ ಎರಡೂ ಬಂದವು. ಎಡಗಡೆ ಮುಂದಿನ ಚಕ್ರದ ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ತುಕ್ಕಿಗೆ ಎಣ್ಣೆ ಬಿಟ್ಟೆ, ರಾತ್ರಿಯಿಡೀ ನೆನೆಯಲು ಬಿಟ್ಟೆ, ಬೆಳಿಗ್ಗೆ ಪಾನಾದ ಹಿಡಿಗೆ ನಾಲ್ಕಡಿ ಉದ್ದದ ಕಬ್ಬಿಣದ ಕೊಳವೆ ಸಿಕ್ಕಿಸಿ ಅದರ ಮೇಲೆ ಮೈಭಾರ ಹಾಕಿ ತೂಗಿದೆ. ಟಣ್ ಎಂದಿತು. ಬಿಟ್ಟಿತು ಎಂದು ಹಿಗ್ಗಿದೆ. ಬಿಟ್ಟಿರಲಿಲ್ಲ, ಬೋಲ್ಟೇ ತುಂಡಾಗಿತ್ತು. ಎರಡನೆಯದೂ ಹಾಗೆಯೇ ತುಂಡಾದ ಮೇಲೆ ಬುದ್ಧಿ ಬಂದು ಮೂರನೆಯದರ ತುದಿಯನ್ನು ಬಟ್ಟೆಯಿಂದ ಉಜ್ಜಿ ನೋಡಿದೆ. ಅಲ್ಲಿ ಸಣ್ಣದಾಗಿ ಎಲ್ ಅಕ್ಷರ ಕೊರೆದಿತ್ತು. ಆ ಕಾಲದಲ್ಲಿ ಡಾಡ್ಜ್‌ನ ಒಡೆಯರಾದ ಕ್ರೈಸ್ಲರ್ ಕಂಪನಿಯವರು ಎಡಗಡೆಯ ಚಕ್ರಗಳಿಗೆ ಎಡಮರೆ, ಅಂದರೆ ಉಲ್ಟಾ ತಿರುವಿನ ಬೋಲ್ಟು, ಹಾಕುತ್ತಿದ್ದರು. ಚಕ್ರ ತಿರುಗುವ ದಿಕ್ಕಿಗೆ ನಟ್ಟು ಸಡಿಲವಾಗದಿರಲಿ ಎಂಬ ಮುಂದಾಲೋಚನೆ. ಎಲ್ಲರೂ ಬಿಚ್ಚುವ ಕಡೆಗೆ ತಿರುಗಿಸಿದರೆ ಅದು ಬಿಗಿಯಾಗುತ್ತದೆ. ನಾನು ಒಂದು ದಿನ ಒಂದು ರಾತ್ರಿ ಅದನ್ನು ಬಿಗಿ ಮಾಡುತ್ತ ಕುಳಿತಿದ್ದೆ.

ಎರಡನೆಯ ಪಾಠ ಜನವರಿಯಲ್ಲಿ ಸಿಕ್ಕಿತು. ಗ್ಯಾರೇಜಿನೊಳಗೆ ಸಣ್ಣ ಹೀಟರ್ ಇಟ್ಟುಕೊಂಡು, ಹೊರಗೆ ಮೊಣಕಾಲು ಮಟ್ಟದ ಹಿಮ ಇರುವಾಗ, ಎಂಜಿನ್ನಿನ ಮೈಗಂಟಿದ ಐವತ್ತು ವರ್ಷದ ಜಿಡ್ಡನ್ನು ಕೆರೆಯುತ್ತಿದ್ದೆ. ಅಂಟುಂಡೆಯ ಪಾಕದ ಹಾಗೆ ಗಟ್ಟಿಯಾದ ಕಪ್ಪು ಜಿಡ್ಡು. ಈ ಜಾತಿಯ ಎಂಜಿನ್‌ಗಳಲ್ಲಿ ಬ್ಲಾಕಿನ ಎಡಮಗ್ಗುಲಿಗೆ ಅದರ ಗಾತ್ರವನ್ನು ಎರಕದಲ್ಲೇ ಉಬ್ಬಿಸಿರುತ್ತಾರೆ. ಮೊದಲು 3 ಕಂಡಿತು. ಸಂತೋಷ. ಆಮೇಲೆ ಒಂದು ನೆಟ್ಟನೆಯ ಗೆರೆ. ಇದು 4ರ ಕಾಲು ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು ಇನ್ನಷ್ಟು ಕೆರೆದೆ. ಕಾಲಿಗೆ ಕೈ ಬೆಳೆಯಲಿಲ್ಲ. ಪಕ್ಕದಲ್ಲಿ 8 ಮೂಡಿತು. 318.

ಯಾವನೋ ಪುಣ್ಯಾತ್ಮ ಯಾವುದೋ ಕಾಲದಲ್ಲಿ 340ನ್ನು ಎತ್ತಿ, ಇನ್ನಾವುದೋ ಡಾಡ್ಜ್‌ನ ಸಾಧಾರಣ 318 ಇಳಿಸಿ, ಮೇಲೆ ನಾಲ್ಕು ಬಾಯಿಯ ಕಾರ್ಬೊರೇಟರ್ ಕೂರಿಸಿ ಕೈತೊಳೆದುಕೊಂಡಿದ್ದ. ಕಂಪನಿಯ ಲೆಕ್ಕದಲ್ಲಿ ಆ ವರ್ಷದ 340 ಎಂದರೆ 275 ಅಶ್ವಶಕ್ತಿ, 318 ಎಂದರೆ 230. ಮಾರಿದವನು ಸುಳ್ಳು ಹೇಳಿರಲಿಲ್ಲ. ಎಂಜಿನ್ ಯಾವುದು ಎಂದು ನಾನು ಕೇಳಿರಲೇ ಇಲ್ಲ. ಅಕ್ಷರ ಓದಿ ಬೀಗಿ ದುಡ್ಡು ಎಣಿಸಿದ್ದೆ. ಮಾರುತಿಯ ಲೆಕ್ಕದಲ್ಲಿ ಕಡಿಮೆಯಾದದ್ದು ಅರ್ಧ ಮಾರುತಿ ಮಾತ್ರ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಒಂದೂವರೆ ತಿಂಗಳು ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಮೇ ತಿಂಗಳಿನಲ್ಲಿ ನನ್ನ ಮಾವ ಬಂದರು, ಆರು ತಿಂಗಳ ವೀಸಾದ ಮೇಲೆ. ಈ ದೇಶಕ್ಕೆ ಬರುವ ಹಿರಿಯರ ಪಾಡು ಎಲ್ಲರಿಗೂ ಗೊತ್ತಿರುವುದೇ. ಮೊದಲ ವಾರ ನಯಾಗರ, ಎರಡನೆಯ ವಾರ ಪಾಂಟಿಯಾಕ್‌ನ ದೇವಸ್ಥಾನ, ಮೂರನೆಯ ವಾರದಿಂದ ಕಿಟಕಿ. ಆದರೆ ಮಾವ ತಿಪಟೂರಿನಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದವರು. ಅಂಬಾಸಿಡರ್, ಫಿಯೆಟ್, ಪೆಟ್ರೋಲ್ ಜೀಪು, ಕೊಬ್ಬರಿ ಮಂಡಿಗಳ ಲಾರಿಗಳು. ಬಂದ ನಾಲ್ಕನೆಯ ದಿನವೇ ಪಂಚೆ ಎತ್ತಿ ಕಟ್ಟಿ ಗ್ಯಾರೇಜಿಗೆ ಇಳಿದರು. ಕಾರನ್ನು ಒಂದು ಸುತ್ತು ಹಾಕಿದರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅದರ ಹಿಡಿಯಿಂದ ಹಿಂದಿನ ಮಡ್‌ಗಾರ್ಡನ್ನು ತೆಂಗಿನಕಾಯಿ ಬಡಿದು ನೋಡುವ ಹಾಗೆ ಬಡಿಯುತ್ತ ಹೋದರು. ಟಣ್ ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಡಬ್ ಎಂದಿತು. ಅಲ್ಲಿ ತುದಿಯಿಂದ ಕುಟುಕಿದರು. ಅಂಗೈ ಅಗಲದ ಪಟ್ಟಿ ಕಳಚಿ ಕೆಳಗೆ ಬಿತ್ತು. ಅದರ ಹಿಂದೆ ತಗಡೇ ಇರಲಿಲ್ಲ.

"ಅಳಿಯಂದಿರೇ, ಟಿಂಕರಿಂಗ್ ಕೆಲಸ ಬಹಳ ಇದೆ" ಎಂದರು. ಎರಡನೆಯ ಸುತ್ತಿಗೆ ಎಡಗಡೆ ಚಕ್ರದ ಹತ್ತಿರ ಕುಳಿತು ಮುರಿದ ಬೋಲ್ಟನ್ನು ಬೆರಳಿನಿಂದ ಸವರಿ, "ಎಡಮರೆ ಇತ್ತೇನು?" ಎಂದು ಕೇಳಿದರು. ಹೌದೆಂದೆ. "ಹಳೆಯ ಲಾರಿಗಳಿಗೂ ಹೀಗೇ. ನಮ್ಮಲ್ಲಿ ಹೊಸ ಹುಡುಗ ಕೆಲಸಕ್ಕೆ ಸೇರಿದ ದಿನ ಅವನನ್ನು ಎಡಗಡೆ ಚಕ್ರಕ್ಕೇ ಬಿಡುತ್ತಿದ್ದೆವು" ಎಂದರು. ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ.

318ರ ಗುಟ್ಟನ್ನು ಅವರಿಗೆ ಮೊದಲು ಹೇಳಿದೆ. ಅವರಿಗೆ ನನ್ನ ದುಃಖವೇ ಅರ್ಥವಾಗಲಿಲ್ಲ. ಇದೇ ಎಂಜಿನ್ನನ್ನು ಡಾಡ್ಜ್‌ನವರು ಲಾರಿಗೂ ಹಾಕುತ್ತಿದ್ದರು ಎಂದು ನಾನು ಬೇಸರದಿಂದ ಹೇಳಿದರೆ, "ಹಾಗಿದ್ದರೆ ಒಳ್ಳೆಯ ಎಂಜಿನ್ ಬಿಡಿ" ಎಂದುಬಿಟ್ಟರು.

ಓಡುವುದು ಆಮೇಲೆ, ನಿಲ್ಲುವುದು ಮೊದಲು ಎಂಬುದು ಅವರ ಕಟ್ಟಪ್ಪಣೆ. ಹಾಗಾಗಿ ಬ್ರೇಕು. ನಾಲ್ಕೂ ಕಡೆ ಡ್ರಮ್ಮು. ಡ್ರಮ್ಮಿಗೆ ಒತ್ತುವ ಶೂಗಳನ್ನು ತಳ್ಳುವ ವೀಲ್ ಸಿಲಿಂಡರುಗಳಿಂದ ಆಯಿಲ್ ಸೋರಿ ಧೂಳಿನೊಂದಿಗೆ ಬೆರೆತು ಒಳಗೆ ಕೆಸರಾಗಿತ್ತು. ಹೊಸ ಸಿಲಿಂಡರು, ಹೊಸ ಶೂ, ಹೊಸ ಸ್ಪ್ರಿಂಗು, ಹೊಸ ರಬ್ಬರ್ ಕೊಳವೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಹೊಸ ಮಾಸ್ಟರ್ ಸಿಲಿಂಡರು. ಐವತ್ತು ವರ್ಷದ ಹಳೆಯ ಕಾರಿಗೆ ಇವೆಲ್ಲ ಅಂಗಡಿಯಲ್ಲಿ ಮರುದಿನವೇ ಸಿಗುತ್ತವೆ, ಈ ದೇಶದ ದೊಡ್ಡ ಅನುಕೂಲ ಅದು. ಮೊದಲ ಚಕ್ರವನ್ನು ನಾನೇ ಜೋಡಿಸುತ್ತೇನೆ ಎಂದು ಹಟ ಹಿಡಿದೆ. ಸ್ಪ್ರಿಂಗ್ ಎಳೆಯುವಾಗ ಎರಡು ಸಲ ಕೈತಪ್ಪಿ, ಒಂದು ಸಲ ಅದು ಹಾರಿ ಒಣಗಿಸುವ ಯಂತ್ರದ ಹಿಂದೆ ಬಿದ್ದು, ಕಡೆಗೂ ಎಲ್ಲ ಕೂಡಿಸಿ ಬೆವರು ಒರೆಸಿಕೊಂಡೆ. ಮಾವ ನೋಡಿ, "ಎರಡು ಶೂಗಳ ಲೈನರ್ ಒಂದೇ ಉದ್ದ ಇದೆಯೇ?" ಎಂದರು. ಇರಲಿಲ್ಲ. ಒಂದು ಗಿಡ್ಡ, ಒಂದು ಉದ್ದ. ಗಿಡ್ಡದ್ದು ಕಾರಿನ ಮುಂದಿನ ದಿಕ್ಕಿಗೆ ಬರಬೇಕು, ಉದ್ದದ್ದು ಹಿಂದಕ್ಕೆ. ಮುಂದಿನದು ಡ್ರಮ್ಮಿಗೆ ಕಚ್ಚಿಕೊಂಡು ಹಿಂದಿನದನ್ನು ಇನ್ನಷ್ಟು ಒತ್ತುತ್ತದೆ, ಹೆಚ್ಚಿನ ಕೆಲಸ ಹಿಂದಿನದೇ ಮಾಡುತ್ತದೆ. ನಾನು ಅದಲುಬದಲು ಹಾಕಿದ್ದೆ. ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವವನು ನಾನು. ಬಿಚ್ಚಿದೆ.

ಬ್ರೇಕಿನ ಕೊಳವೆಗಳಲ್ಲಿ ಸಿಕ್ಕಿಕೊಂಡ ಏರ್ ತೆಗೆಯುವ ದಿನ ಇಡೀ ಸಂಸಾರಕ್ಕೆ ಕೆಲಸ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು: ಹಿಂದೆ ಬಲಗಡೆ, ಹಿಂದೆ ಎಡಗಡೆ, ಮುಂದೆ ಬಲಗಡೆ, ಕೊನೆಗೆ ಚಾಲಕನ ಕಡೆಯದು. ಹೆಂಡತಿ ಸೀಟಿನಲ್ಲಿ ಕುಳಿತು ಪೆಡಲ್ ಒತ್ತುವುದು, ನಾನು ಕೆಳಗೆ ಮಲಗಿ ನಿಪ್ಪಲ್ ಸಡಿಲಿಸುವುದು, ಮಗಳು ಬ್ರೇಕ್ ಆಯಿಲ್ ಮಟ್ಟ ನೋಡುವುದು, ಮಾವ ಹುಕುಂ ಹೊರಡಿಸುವುದು. ಒತ್ತು, ಹಿಡಿ, ಬಿಡು. ಹದಿನೈದನೆಯ ಸಲಕ್ಕೆ ಹೆಂಡತಿ, "ರೀ, ಈಗ ಗಟ್ಟಿಯಾಯಿತು, ಕೆಳಗೆ ಹೋಗುತ್ತಿಲ್ಲ" ಎಂದಳು. ಈ ಕಾರಿನ ಬಗ್ಗೆ ಅವಳು ಹೇಳಿದ ಮೊದಲ ಒಳ್ಳೆಯ ಮಾತು ಅದು.

ಎಂಜಿನ್ನಿನ ಸರದಿ ಜುಲೈನಲ್ಲಿ ಬಂತು. ಎಂಟೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಣ್ಣೆ ಬಿಟ್ಟು ನಾಲ್ಕು ದಿನ ಹಾಗೇ ಇಟ್ಟೆವು. ಆಮೇಲೆ ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿದಾಗ, ಮೊದಲು ಬೇಡವೆಂದು ಹಟ ಮಾಡಿ, ನಂತರ ಬೀಸುವ ಕಲ್ಲಿನ ಹಾಗೆ ನಿಧಾನವಾಗಿ ತಿರುಗಿತು. ಟ್ಯಾಂಕಿನ ಪೆಟ್ರೋಲು ಹಳೆಯ ಅರಗಿನ ವಾಸನೆ ಹೊಡೆಯುತ್ತಿತ್ತು, ಅದನ್ನು ನಂಬದೆ ಒಂದು ಡಬ್ಬಿಯಲ್ಲಿ ಹೊಸ ಪೆಟ್ರೋಲಿಟ್ಟು ಪಂಪಿಗೆ ಕೊಳವೆ ಕೊಟ್ಟೆವು.

"ಮೊದಲು ಡೆಲ್ಕೋ ಬಿಚ್ಚಿ" ಎಂದರು ಮಾವ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರನ್ನು ನಮ್ಮ ಕಡೆ ಮೆಕ್ಯಾನಿಕ್‌ಗಳು ಕರೆಯುವುದು ಹಾಗೆ. ಡೆಲ್ಕೋ ಎಂಬುದು ಒಹಾಯೊದ ಡೇಟನ್‌ನಲ್ಲಿ ಹುಟ್ಟಿದ ಕಂಪನಿ, ಮುಂದೆ ಜನರಲ್ ಮೋಟರ್ಸ್ ಸೇರಿತು. ಕ್ರೈಸ್ಲರ್ ಕಾರಿನ ಡಿಸ್ಟ್ರಿಬ್ಯೂಟರನ್ನು ಡೆಟ್ರಾಯಿಟಿನಲ್ಲೇ ನಿಂತು ಡೆಲ್ಕೋ ಎನ್ನುವುದು ಒಂದು ಮಠದ ಸ್ವಾಮಿಗಳನ್ನು ಇನ್ನೊಂದು ಮಠದ ಹೆಸರಿನಿಂದ ಕರೆದ ಹಾಗೆ. ನಾನು ತಿದ್ದಲು ಹೋಗಲಿಲ್ಲ. ಈಗ ನಮ್ಮ ಮನೆಯಲ್ಲೂ ಅದು ಡೆಲ್ಕೋ.

ಈ ಎಂಜಿನ್ನಿನಲ್ಲಿ ಡೆಲ್ಕೋ ಇರುವುದು ಹಿಂಭಾಗದಲ್ಲಿ. ಮಾವ ಮಡ್‌ಗಾರ್ಡಿನ ಮೇಲೆ ಹಳೆಯ ಕಂಬಳಿ ಹಾಸಿ, ಹೊಟ್ಟೆಯ ಮೇಲೆ ಬಾಗಿ, ಅದರೊಳಗೆ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟುಗಳನ್ನು ಮರಳು ಕಾಗದದಿಂದ ಎರಡು ಸಲ ಎಳೆದರು. ಗ್ಯಾಪ್ ಇಡಲು ಸಂದು ಅಳೆಯುವ ಫೀಲರ್ ಗೇಜ್ ಕೊಡಲು ಹೋದೆ. "ನಿಮ್ಮ ವಿಸಿಟಿಂಗ್ ಕಾರ್ಡ್ ಇದ್ದರೆ ಕೊಡಿ" ಎಂದರು. ಕೊಟ್ಟೆ. ಅದನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಸ್ವಲ್ಪ ತಡೆದು ಜಾರುವಂತೆ ಬಿಗಿ ಮಾಡಿ, ಎಳೆದು ನನ್ನ ಕೈಗೆ ವಾಪಸು ಕೊಟ್ಟರು. ಅವರು ಕೈ ತೊಳೆಯಲು ಹೋದಾಗ ಕದ್ದು ಗೇಜ್ ಹಾಕಿ ನೋಡಿದೆ. ಪುಸ್ತಕದಲ್ಲಿ ಹೇಳಿದ್ದು ಅಂಗುಲದ ಸಾವಿರ ಭಾಗದಲ್ಲಿ ಹದಿನೇಳು. ಹದಿನಾರು ಇತ್ತು. ನನ್ನ ಹೆಸರಿನ ಮೇಲೆ ಒಂದು ಕಪ್ಪು ಗೆರೆ ಬಿದ್ದಿದ್ದ ಆ ಕಾರ್ಡು ಇನ್ನೂ ನನ್ನ ಬಳಿ ಇದೆ. ಆ ಕಾರ್ಡು ಉಪಯೋಗಕ್ಕೆ ಬಂದ ಸಂದರ್ಭ ನನಗೆ ನೆನಪಿರುವಂತೆ ಅದೊಂದೇ.

ಸೆಲ್ಫ್ ಹೊಡೆದೆ. ಮೂರು ಸುತ್ತು ತಿರುಗಿ ಎಂಜಿನ್ ಹತ್ತಿಕೊಂಡಿತು. ಗುಡುಗಿದ ಹಾಗೆ. ಖುಷಿಯಿಂದ ಕೀ ಬಿಟ್ಟೆ; ತಟ್ಟನೆ ಆರಿತು. ಮತ್ತೆ ಹೊಡೆದೆ, ಹತ್ತಿತು, ಕೀ ಬಿಟ್ಟೆ, ಆರಿತು. ಹತ್ತು ಸಲ ಹೀಗೇ. ಪೆಟ್ರೋಲು ಸಾಲದೇನೋ ಎಂದು ನಾನು ಕಾರ್ಬೊರೇಟರಿನ ಕಡೆ ಹೊರಟೆ. ಮಾವ ಅಲ್ಲಾಡಲಿಲ್ಲ. "ಪೆಟ್ರೋಲು ಸಾಲದಿದ್ದರೆ ನಾಲ್ಕು ಸಲ ಕೆಮ್ಮಿ ಸಾಯುತ್ತದೆ. ಇದು ದೀಪ ಆರಿಸಿದ ಹಾಗೆ ಸಾಯುತ್ತಿದೆ. ಕರೆಂಟು" ಎಂದರು. ಇಂಡಿಕೇಟರಿನ ಒಂದು ಬಲ್ಬಿಗೆ ಎರಡು ವೈರು ಸುತ್ತಿ ಟೆಸ್ಟ್ ಲ್ಯಾಂಪ್ ಮಾಡಿದರು. ಕಿಡಿಗಾಗಿ ವೋಲ್ಟೇಜು ಏರಿಸುವ ಕಾಯಿಲ್ಲಿನ ತುದಿಗೆ ಹಿಡಿದರು. ಸೆಲ್ಫ್ ಹೊಡೆಯುವಾಗ ಬಲ್ಬು ಉರಿಯಿತು. ಕೀ ಬಿಟ್ಟಾಗ ಕತ್ತಲೆ. ವೈರು ಹಿಡಿದುಕೊಂಡು ಹಿಂದಕ್ಕೆ ಹಿಂದಕ್ಕೆ ಹೋದರು. ಎಂಜಿನ್ನಿನ ಹಿಂದಿನ ಗೋಡೆಯ ಮೇಲೆ ಬೆರಳುದ್ದದ ಬಿಳಿ ಪಿಂಗಾಣಿ ತುಂಡೊಂದು ಕುಳಿತಿತ್ತು. ಅದರ ಒಂದು ಬದಿಗೆ ಹಿಡಿದರೆ ಬಲ್ಬು ಉರಿಯುತ್ತದೆ, ಇನ್ನೊಂದು ಬದಿಗೆ ಇಲ್ಲ. "ಇದೇನಿದು?"

ಅದು ಬ್ಯಾಲಸ್ಟ್ ರೆಸಿಸ್ಟರ್. ಎಂಜಿನ್ ಓಡುವಾಗ ಕಾಯಿಲ್ಲಿಗೆ ಹೋಗುವ ವೋಲ್ಟೇಜನ್ನು ಇಳಿಸಿ ಪಾಯಿಂಟು ಸುಡದಂತೆ ಕಾಯುವುದು ಅದರ ಕೆಲಸ. ಸೆಲ್ಫ್ ಹೊಡೆಯುವ ಕ್ಷಣದಲ್ಲಿ ಮಾತ್ರ ಕರೆಂಟು ಅದನ್ನು ಬಳಸಿಕೊಂಡು ನೇರವಾಗಿ ಹೋಗುತ್ತದೆ. ಒಳಗಿನ ತಂತಿ ತುಂಡಾದರೆ ಇದೇ ರೋಗಲಕ್ಷಣ, ಎಳ್ಳಷ್ಟೂ ಬೇರೆಯಿಲ್ಲ. ಕ್ರೈಸ್ಲರ್ ಕಾರಿನವರೆಲ್ಲ ಒಂದು ಹೆಚ್ಚಿನ ಬ್ಯಾಲಸ್ಟನ್ನು ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ ಎಂದು ಆಮೇಲೆ ತಿಳಿಯಿತು. ಮಾವ ಅದರ ಎರಡು ತುದಿಗೂ ಒಂದು ತುಂಡು ವೈರು ಜೋಡಿಸಿ, "ಎರಡು ನಿಮಿಷಕ್ಕೆ ಏನೂ ಆಗುವುದಿಲ್ಲ, ಹೊಡೆಯಿರಿ" ಎಂದರು. ಕೀ ಬಿಟ್ಟ ಮೇಲೂ ಎಂಜಿನ್ ಓಡುತ್ತಲೇ ಇತ್ತು. ಹನ್ನೊಂದು ವರ್ಷದ ಮಸಿ, ಬಿಟ್ಟ ಎಣ್ಣೆ, ಇಲಿ ಕೂಡಿಟ್ಟ ಓಕ್ ಕಾಯಿಯ ಸಿಪ್ಪೆ ಎಲ್ಲವೂ ಸೈಲೆನ್ಸರಿನಿಂದ ಹೊರಬಂದು ಗ್ಯಾರೇಜು ಮಬ್ಬಾಯಿತು. ಮರುದಿನ ಎರಡು ಬ್ಯಾಲಸ್ಟ್ ತಂದೆ.

ಆಯುಧ ಪೂಜೆಯ ಹೊತ್ತಿಗೆ ಕಾರು ಮತ್ತೆ ಚಕ್ರ ಕಳಚಿಕೊಂಡು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ನಿಂಬೆಹಣ್ಣು ಇಡಲು ಚಕ್ರವೇ ಇಲ್ಲ. ಟೆಸ್ಟ್ ಲ್ಯಾಂಪಿಗೆ ಕುಂಕುಮ ಹಚ್ಚಿ ಮುಗಿಸಿದೆವು. ನವೆಂಬರಿನಲ್ಲಿ ಮಾವ ಊರಿಗೆ ಹೊರಟರು. ಹೊರಡುವ ಮುನ್ನ ಕಾರ್ಪೆಟ್ಟು ಎತ್ತಿ ನೆಲ ನೋಡಿ ಎಂದು ಹೇಳಿ ಹೋದರು.

ಡೆಟ್ರಾಯಿಟ್ ನಗರದ ಕೆಳಗೆ ಸಾವಿರದ ನೂರು ಅಡಿಗೂ ಹೆಚ್ಚು ಆಳದಲ್ಲಿ ಒಂದು ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದು ಇಲ್ಲಿನ ರೂಢಿ. ಒಂದೇ ಊರು ಕಾರನ್ನೂ ಮಾಡಿತು, ಅದನ್ನು ತಿನ್ನುವ ಉಪ್ಪನ್ನೂ ಅಗೆಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಇಲ್ಲಿ ಉಪ್ಪು ತಿಂದದ್ದು ಕಾರು, ನೀರು ಕುಡಿದದ್ದು ನಾನು.

ಕಾರ್ಪೆಟ್ಟಿನ ಕೆಳಗೆ ಚಾಲಕನ ಕಾಲಿನ ಜಾಗದಲ್ಲಿ ಮೊದಲು ಸಿಕ್ಕಿದ್ದು ಟಾರು ಹಚ್ಚಿದ ಕಾಗದ. ಅದರ ಕೆಳಗೆ ರಿವೆಟ್ ಹೊಡೆದು ಕೂರಿಸಿದ ಮಿಷಿಗನ್ನಿನ ಹಳೆಯ ನೀಲಿ ನಂಬರ್ ಪ್ಲೇಟು. ರಿವೆಟ್ ಕೊರೆದು ಅದನ್ನು ಎತ್ತಿದರೆ ಅದರ ಕೆಳಗೊಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳ, ಅದರ ಕೆಳಗೆ ತೂತು, ತೂತಿನ ಕೆಳಗೆ ನನ್ನ ಗ್ಯಾರೇಜಿನ ನೆಲ. ಮೂರು ಕಾಲದ ಮೂವರು ಯಜಮಾನರು ಒಬ್ಬರ ಮೇಲೊಬ್ಬರು ತೇಪೆ ಹಾಕಿ ಮುಂದಿನವನಿಗೆ ದಾಟಿಸಿದ್ದರು. ಈ ಕಾರಿನಲ್ಲಿ ನಾನು ಮಾಡಿದ ಕೆಲಸದ ಮುಕ್ಕಾಲು ಪಾಲು ಕೆಟ್ಟದ್ದನ್ನು ಸರಿ ಮಾಡಿದ್ದಲ್ಲ, ಸರಿ ಮಾಡಿದ್ದನ್ನು ಬಿಚ್ಚಿದ್ದು. ಡ್ಯಾಶ್‌ಬೋರ್ಡಿನ ಹಿಂದೆ ಮನೆಯ ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಟೋಪಿಗಳು, ಫ್ಯೂಸಿನ ಜಾಗದಲ್ಲಿ ಸುತ್ತಿದ ಬೆಳ್ಳಿ ಕಾಗದ. ಇದನ್ನು ಫೋನಿನಲ್ಲಿ ಮಾವನಿಗೆ ತೋರಿಸಿದರೆ ಮುಖ ಅರಳಿತು: "ಸಿಗರೇಟು ಪ್ಯಾಕಿನದು! ಅಲ್ಲಿಯೂ ನಮ್ಮವರೇ ಇದ್ದಾರೆ ಎನ್ನಿ."

2020ರ ಮಾರ್ಚಿನಲ್ಲಿ ಎಲ್ಲರೂ ಮನೆ ಸೇರಿದೆವು. ವೆಲ್ಡಿಂಗ್ ಕಲಿತದ್ದು ಆಗಲೇ, ಬಿಸಾಡಿದ ಬಟ್ಟೆ ಒಗೆಯುವ ಯಂತ್ರದ ಮೈಮೇಲೆ. ಕಾರಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಒಂದೇ ಎಳೆಯಾಗಿ ಬೆಸೆಯಲು ಹೋದರೆ ಸುಟ್ಟು ತೂತಾಗುತ್ತದೆ, ಇಲ್ಲವೇ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಷ್ಟು ದೂರದಲ್ಲಿ ಇನ್ನೊಂದು, ಎದುರು ಮೂಲೆಯಲ್ಲಿ ಮತ್ತೊಂದು. ಹೀಗೆ ರಂಗೋಲಿಯ ಚುಕ್ಕೆ ಇಟ್ಟು ಆಮೇಲೆ ನಡುವೆ ತುಂಬುತ್ತ ಬರಬೇಕು. ಒಂದು ಸಲ ಮುಖವಾಡದೊಳಗೆ ಮೈಮರೆತಿದ್ದಾಗ ಮಗಳು "ಅಪ್ಪಾ, ಹೊಗೆ!" ಎಂದು ಕೂಗಿದಳು. ಡ್ಯಾಶಿನ ಕೆಳಗಿನ ಹಳೆಯ ನಾರಿನ ಹಾಸು ಹೊತ್ತಿಕೊಂಡಿತ್ತು. ಬಕೆಟ್ಟು ಹಿಡಿದು ಪಕ್ಕದಲ್ಲಿ ಕೂರುವುದಕ್ಕೆ ಗಂಟೆಗೆ ಒಂದು ಡಾಲರ್ ಸಂಬಳ ಎಂದು ಅವಳೊಂದಿಗೆ ಒಪ್ಪಂದವಾಗಿತ್ತು. ಅಂದು ಬೋನಸ್ ಕೊಟ್ಟೆ.

ವೈರಿಂಗಿನ ಬಗ್ಗೆ ಒಂದೇ ಮಾತು. ಈ ಕಾರುಗಳಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ಕರೆಂಟೆಲ್ಲ ಡ್ಯಾಶಿನಲ್ಲಿರುವ ಅಮ್ಮೀಟರಿನ ಮೂಲಕ ಹಾದುಹೋಗುತ್ತದೆ. ಗೋಡೆ ದಾಟುವಲ್ಲಿ ಒಂದು ಪ್ಲಾಸ್ಟಿಕ್ ಕನೆಕ್ಟರ್ ಇದೆ, ಅದು ಬಿಸಿಯಾಗಿ ಕರಗುತ್ತದೆ. ನನ್ನದು ಕರಗಿ ಕಂದು ಬೆಲ್ಲವಾಗಿತ್ತು. ಅಮ್ಮೀಟರನ್ನು ಬಿಟ್ಟು ಹೊರಗಿನಿಂದಲೇ ದಪ್ಪ ವೈರು ಎಳೆದು ನಡುವೆ ಕರೆಂಟು ಮಿತಿ ಮೀರಿದರೆ ಕರಗಿ ತುಂಡಾಗುವ ಫ್ಯೂಸಿಬಲ್ ಲಿಂಕ್ ಹಾಕಿದೆ. ಈಗ ಆ ಮುಳ್ಳು ಸದಾ ನಡುವೆ ನಿಂತಿರುತ್ತದೆ. ಚಂದಕ್ಕೆ ಇದೆ.

ಬಣ್ಣ ಹೊಡೆಸಿಲ್ಲ, ಹೊಡೆಸುವ ಆತುರವೂ ಇಲ್ಲ. ಹಸಿರಿನ ನಡುವೆ ಬೂದು ಪ್ರೈಮರಿನ ತೇಪೆಗಳು. ಹೊಳೆಯುವ ಕಾರನ್ನು ನಿಲ್ಲಿಸಿದ ಕಡೆಯೆಲ್ಲ ತಿರುಗಿ ತಿರುಗಿ ನೋಡುತ್ತ ಊಟ ಮಾಡುವವರನ್ನು ಕಂಡಿದ್ದೇನೆ. ಅದು ನನಗೆ ಬೇಡ.

ಇಲ್ಲಿ ಆರ್‌ಟಿಒ ಇಲ್ಲ. ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಆ ಕೆಲಸ ಮಾಡುತ್ತದೆ. ಇಪ್ಪತ್ತಾರು ವರ್ಷ ತುಂಬಿದ ಕಾರಿಗೆ ಐತಿಹಾಸಿಕ ವಾಹನವೆಂದು ಬೇರೆಯೇ ಪ್ಲೇಟು ಕೊಡುತ್ತಾರೆ. ಅದನ್ನು ಹಾಕಿಕೊಂಡವರು ಪ್ರದರ್ಶನ, ಮೆರವಣಿಗೆಗಳಿಗೆ ಮಾತ್ರ ಓಡಿಸಬೇಕು. ಆಗಿನ ನಿಯಮದಲ್ಲಿ ಆಗಸ್ಟ್ ತಿಂಗಳಲ್ಲಿ ಮಾತ್ರ ಎಲ್ಲಿ ಬೇಕಾದರೂ ಓಡಿಸಬಹುದಿತ್ತು. ಬ್ರೇಕು ಹಿಡಿಯುತ್ತದೆಯೇ ಎಂದು ಈ ರಾಜ್ಯದಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಅದಕ್ಕೇ ಹೆದರಿ, ಖಾಲಿ ಪಾರ್ಕಿಂಗ್ ಜಾಗವೊಂದರಲ್ಲಿ ನಾನೇ ಮೂರು ಭಾನುವಾರ ಒತ್ತಿ ಒತ್ತಿ ನೋಡಿದೆ. ಗಟ್ಟಿಯಾಗಿ ಒತ್ತಿದರೆ ಕೊಂಚ ಬಲಕ್ಕೆ ಎಳೆಯುತ್ತಿತ್ತು. ಎಡಗಡೆಯ ಶೂ ಒಂದೆರಡು ಹಲ್ಲು ಬಿಗಿ ಮಾಡಿದ ಮೇಲೆ ನೇರವಾಯಿತು.

ವುಡ್‌ವರ್ಡ್ ರಸ್ತೆಯಲ್ಲಿ 1995ರಿಂದ ಆಗಸ್ಟಿನ ಮೂರನೆಯ ಶನಿವಾರ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ, ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ತನಕ. 2020ರಲ್ಲಿ ಕೊರೊನಾದಿಂದ ನಿಂತಿತ್ತು. 2021ರ ಆಗಸ್ಟ್ 21ರಂದು ನಾವು ಮೂವರೂ ಹೊರಟೆವು. ಸಾಗರದಂತೆ ಕಾರುಗಳು, ಆಮೆ ನಡಿಗೆ, ನೆತ್ತಿ ಸುಡುವ ಬಿಸಿಲು. ಬರ್ಮಿಂಗ್‌ಹ್ಯಾಮ್ ಬರುವ ಹೊತ್ತಿಗೆ ಎಂಜಿನ್ ನಾಲ್ಕು ಸಲ ಕೆಮ್ಮಿ ಸತ್ತಿತು. ಕೆಮ್ಮಿ ಸತ್ತದ್ದರಿಂದ ಇದು ಕರೆಂಟಲ್ಲ, ಪೆಟ್ರೋಲು ಎಂದು ನನಗೆ ಆ ಗಾಬರಿಯಲ್ಲೂ ಹೊಳೆಯಿತು. ಕಾರನ್ನು ಪಕ್ಕಕ್ಕೆ ತಳ್ಳಿ ಬಾನೆಟ್ ಎತ್ತಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಬಿಸಿಗೆ ಬೇಗ ಆವಿಯಾಗುತ್ತದೆ, ಪಂಪು ಆವಿಯನ್ನು ಎಳೆಯಲಾರದು. ಅಂಬಾಸಿಡರಿನ ಕಾಲದ ಮದ್ದು ನೆನಪಾಯಿತು. ಹೆಂಡತಿಯ ದುಪಟ್ಟಾವನ್ನು ನೀರಿನಲ್ಲಿ ನೆನೆಸಿ ಪಂಪಿನ ಮೇಲೆ ಸುತ್ತಿದೆ. ದುಪಟ್ಟಾ ಅವಳೇ ಕೊಟ್ಟದ್ದು ಎಂದು ದಾಖಲೆಗಾಗಿ ಬರೆದಿಡುತ್ತೇನೆ.

ನೀರು ಆರುವ ತನಕ ಕಾಯುತ್ತಿದ್ದಾಗ ಅರವತ್ತು ದಾಟಿದ ಒಬ್ಬ ಮನುಷ್ಯ, ಕೈಯಲ್ಲಿ ಐಸ್‌ಕ್ರೀಮು ಹಿಡಿದು ಬಂದ. ಮೊದಲು ದುಪಟ್ಟಾ ನೋಡಿ ತಲೆದೂಗಿದ. ಆಮೇಲೆ ಗಾಜಿನ ಮೂಲೆಗೆ ಹೋಗಿ ಚಾಸಿ ನಂಬರು ಓದಿದ. ಪಿ ಓದಿದ್ದು ಅವನ ಹುಬ್ಬಿನಲ್ಲಿ ಗೊತ್ತಾಯಿತು. ಹಿಂದಕ್ಕೆ ಬಂದು ಎಡಗಡೆಯಿಂದ ಬಗ್ಗಿ ಎಂಜಿನ್ನಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ನೋಡಿದ. ತುಸು ಹೊತ್ತು ಸುಮ್ಮನಿದ್ದು, ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲಿ, ಇದು 318 ಅಲ್ಲವೇ ಎಂದ. ಹೌದೆಂದೆ. ತನ್ನ ತಮ್ಮನ ಕೊಟ್ಟಿಗೆಯಲ್ಲಿ ಬಿಚ್ಚಿಟ್ಟ 340 ಒಂದಿದೆ, 1969ರದೇ, ಮಾರುವ ಯೋಚನೆಯಲ್ಲಿದ್ದಾನೆ ಎಂದ. ಐಸ್‌ಕ್ರೀಮಿನ ಕಾಗದದ ಹಿಂದೆ ಒಂದು ಫೋನ್ ನಂಬರು ಬರೆದುಕೊಟ್ಟ. ಅಷ್ಟರಲ್ಲಿ ಸೆಲ್ಫ್ ಹೊಡೆದ ಮಗಳು ಎಂಜಿನ್ ಶುರು ಮಾಡಿಯೇಬಿಟ್ಟಿದ್ದಳು.

ಆ ಕಾಗದ ಗ್ಲೋವ್ ಬಾಕ್ಸಿನಲ್ಲಿ ಹೆಚ್ಚಿನ ಬ್ಯಾಲಸ್ಟಿನ ಪಕ್ಕದಲ್ಲಿದೆ. ಹೆಂಡತಿ ಅದನ್ನು ನೋಡಿದ್ದಾಳೆ. ಸೈಟಿನ ಮಾತು ಮತ್ತೆ ಶುರುವಾಗಿದೆ.